ಗುಡ್ಡೆಯ ಚಡಾವಿನಲ್ಲಿ ಗಾಡಿ ಅರ್ಧಕ್ಕೆ ನಿಂತರೆ ಏನು ಮಾಡಬೇಕು?

ಹೆಬ್ರಿ_ತೋಟ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಾನೂ ಅಪ್ಪನೂ ಉಳಿದದ್ದೇ ದೊಡ್ಡದು. ಬರೆಯದಿದ್ದರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೆಬ್ರಿ ಹತ್ತಿರ ನಮ್ಮದು ಗುಡ್ಡೆ ತೋಟ. ಕೆಳಗೆ ಅಡಿಕೆ, ಮೇಲೆ ರಬ್ಬರ್. ಮೇಲಿನ ತೋಟಕ್ಕೆ ಮಣ್ಣಿನ ದಾರಿ ಉಂಟು. ಉದ್ದ ಜಾಸ್ತಿ ಇಲ್ಲ, 60 ಮೀಟರ್ ಇರಬಹುದು. ಆದರೆ ಒಂದೇ ಏರು. ನನ್ನದು ಹಳೇ ಫೋರ್ ವೀಲ್ ಜೀಪು. ಹಿಂದೆ 6 ಮೂಟೆ ಗೊಬ್ಬರ, ಪಕ್ಕದಲ್ಲಿ ಅಪ್ಪ. ಹಿಂದಿನ ರಾತ್ರಿ ಮಳೆ ಬಂದಿತ್ತು, ಬೆಳಿಗ್ಗೆ ಬಿಸಿಲು ಬಿದ್ದು ಮೇಲಿನ ಮಣ್ಣು ಒಣಗಿದ ಹಾಗೆ ಕಾಣುತ್ತಿತ್ತು. ಮುಕ್ಕಾಲು ದಾರಿ ಹತ್ತಿದ ಮೇಲೆ ಚಕ್ರ ಸುಮ್ನೆ ತಿರುಗಲು ಶುರುವಾಯಿತು. ಒಣಗಿದ ಪದರ ಎದ್ದು ಹೋಗಿ ಅಡಿಯ ಕೆಂಪು ಜೇಡಿ ಕಾವಿ ನೆಲದ ಹಾಗೆ ಹೊಳೆಯುತ್ತಿತ್ತು. ಇಂಜಿನ್ ಆಫ್ ಆಯಿತು.

ಆಗ ನಾನು ಮಾಡಿದ ತಪ್ಪು ಇದು. ಕ್ಲಚ್ ಒತ್ತಿದೆ. ಗಾಡಿ ಹಿಂದಕ್ಕೆ ಹೋಯಿತು. ಬ್ರೇಕ್ ಒತ್ತಿದರೂ ನಿಲ್ಲಲಿಲ್ಲ, ಚಕ್ರ ತಿರುಗದೆ ಕಚ್ಚಿಕೊಂಡೇ ಜಾರಿತು. ಬಲಗಡೆ ಸ್ವಲ್ಪ ಸಮತಟ್ಟು ಜಾಗ ಉಂಟಲ್ಲ, ಅಲ್ಲಿಗೆ ಹಾಕೋಣ ಅಂತ ಸ್ಟೇರಿಂಗ್ ತಿರುಗಿಸಿದೆ. ಜೀಪು ದಾರಿಗೆ ಅಡ್ಡ ಬಂತು. ಮೂಟೆಗಳೆಲ್ಲ ಒಮ್ಮೆಲೇ ಕೆಳಗಿನ ಬದಿಗೆ ಸರಿದವು. ಮೇಲಿನ ಬದಿಯ ಹಿಂದಿನ ಚಕ್ರ ನೆಲ ಬಿಟ್ಟು ಎದ್ದದ್ದು ಸೀಟಿನಲ್ಲೇ ಗೊತ್ತಾಯಿತು. ಕೆಳಗೆ ಹಳೇ ಗೇರುಮರದ ಬುಡ ಒಂದು ಇತ್ತು, ಅದಕ್ಕೆ ಹಿಂದಿನ ಚಕ್ರ ತಾಗಿ ನಿಂತಿತು. ಆ ಬುಡವನ್ನು ಕಳೆದ ವರ್ಷ ತೆಗೆಸಬೇಕು ಅಂತ ಮಾತಾಡಿದ್ದೆವು.

ಅಪ್ಪನಿಗೆ 71 ವರ್ಷ. ಅವರು ಏನೂ ಹೇಳಲಿಲ್ಲ. ಇಳಿದು ದಾರಿ ಬದಿ ಕೂತರು. ಅವರ ಕೈ ನಡುಗುತ್ತಿತ್ತು.

ನನಗೆ ಗೊತ್ತಾಗಬೇಕಾದದ್ದು ಒಂದೇ. ಆ ಹೊತ್ತಿನಲ್ಲಿ ಸರಿಯಾಗಿ ಏನು ಮಾಡಬೇಕಿತ್ತು?

ಕೊಲ್ಲೂರು_ಜೀಪು

ನೀವಿಬ್ಬರೂ ಸುಖವಾಗಿದ್ದೀರಲ್ಲ, ಅಷ್ಟು ಸಾಕು ಮಾರಾಯ್ರೆ. ನಾನು ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಜೀಪು ಓಡಿಸುವವ. ದಿನಾ ಮಾಡುವ ಕೆಲಸ ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಚಡಾವಿನಲ್ಲಿ ಸೋತರೆ ಹೋಗುವ ದಾರಿ ಒಂದೇ. ಹತ್ತಿದ ಗೆರೆಯಲ್ಲೇ ನೇರ ಹಿಂದಕ್ಕೆ. ತಿರುಗಿಸಬಾರದು. ಎಷ್ಟೇ ಅಗಲ ಜಾಗ ಕಂಡರೂ ತಿರುಗಿಸಬಾರದು. ಜೀಪು ನೇರ ನಿಂತರೆ ಉದ್ದಕ್ಕೆ ನಿಂತ ಹಾಗೆ, ಮಗುಚುವುದು ಕಷ್ಟ. ಅಡ್ಡ ಬಂದರೆ ಅಗಲ ಮಾತ್ರ ನಿಮ್ಮ ಆಸರೆ.

ಈಗ ಕಾಲಿನ ಕೆಲಸ. ಇನ್ನು ಹತ್ತುವುದಿಲ್ಲ ಅಂತ ಗೊತ್ತಾದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒತ್ತಿ. ಕ್ಲಚ್ ಮುಟ್ಟಬೇಡಿ. ಇಂಜಿನ್ ಆಫ್ ಆದರೆ ಆಗಲಿ. ಗಿಯರಿನಲ್ಲಿರುವ ಇಂಜಿನ್ ಕೂಡ ಗಾಡಿಯನ್ನು ಹಿಡಿಯುತ್ತದೆ. ನೀವು ಕ್ಲಚ್ ಒತ್ತಿದಾಗ ಆ ಹಿಡಿತ ಬಿಟ್ಟುಹೋಯಿತು, ಬರೀ ಬ್ರೇಕ್ ಉಳಿಯಿತು. ಹ್ಯಾಂಡ್ ಬ್ರೇಕ್ ಎಳೆಯಿರಿ. ಈಗ ಅವಸರ ಇಲ್ಲ. ಬ್ರೇಕ್ ಮೇಲೆ ಕಾಲು ಗಟ್ಟಿ ಇಟ್ಟು ಕ್ಲಚ್ ಒತ್ತಿ, ಫೋರ್ ಲೋದಲ್ಲೇ (ನಾಲ್ಕೂ ಚಕ್ರ ಎಳೆಯುವ, ನಿಧಾನ ಆದರೆ ಬಲ ಜಾಸ್ತಿ ಇರುವ ಗಿಯರ್) ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದಿನ ಚಕ್ರ ನೇರ ಉಂಟಾ ನೋಡಿ. ಹ್ಯಾಂಡ್ ಬ್ರೇಕ್ ಇಳಿಸಿ, ಕಾಲಿನ ಬ್ರೇಕನ್ನು ನಿಧಾನ ಸಡಿಲಿಸಿ. ಗಾಡಿ ಇಂಜಿನ್ ಮೇಲೆ ಕೂತದ್ದು ಮೈಗೆ ಗೊತ್ತಾಗುತ್ತದೆ. ಹಳೇ ಜೀಪಿನಲ್ಲಿ ಆಮೇಲೆ ಸುಮ್ನೆ ಕೀ ತಿರುಗಿಸಿದರೆ ಆಯಿತು, ಸ್ಟಾರ್ಟರ್ ಎಳೆದುಕೊಂಡು ಗಾಡಿ ಮೆಲ್ಲ ಹಿಂದಕ್ಕೆ ಹೊರಡುತ್ತದೆ. ಹೊಸ ಗಾಡಿಗಳಲ್ಲಿ ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಅದರಲ್ಲಿ ಎರಡೂ ಬ್ರೇಕ್ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆಯೇ ಬ್ರೇಕ್ ಸಡಿಲಿಸಬೇಕು.

ಇಳಿಯುವಾಗ ಎರಡೂ ಕಾಲು ಪೆಡಲಿನಿಂದ ದೂರ. ಬ್ರೇಕ್ ಬೇಕಾದರೆ ಗರಿಯಿಂದ ಮುಟ್ಟಿದ ಹಾಗೆ. ಇದಕ್ಕೆ ಕಾರಣ ಉಂಟು. ಹಿಂದಕ್ಕೆ ಇಳಿಯುವಾಗ ಮುಂದಿನ ಚಕ್ರ ಮೇಲಿನ ಬದಿಯಲ್ಲಿರುತ್ತದೆ, ಅದರ ಮೇಲೆ ಭಾರ ಇರುವುದಿಲ್ಲ. ಬ್ರೇಕಿನ ಬಲವೋ ಮುಂದಿನ ಚಕ್ರಕ್ಕೇ ಜಾಸ್ತಿ. ಗಟ್ಟಿ ಒತ್ತಿದರೆ ಮೊದಲು ಅದು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮೂತಿ ಒಂದು ಕಡೆ ವಾಲಿ ಗಾಡಿ ತಾನೇ ಅಡ್ಡ ಬರುತ್ತದೆ. ನಿಮಗೆ ಅರ್ಧ ಆದದ್ದು ಅದೇ ಅಂತ ನನಗೆ ಅನಿಸುತ್ತದೆ.

ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತಬೇಡಿ, ರಿಮ್ಮಿನ ಮೇಲೆಯೇ ಇರಲಿ. ಪವರ್ ಸ್ಟೇರಿಂಗ್ ಇಲ್ಲದ ಜೀಪಿನಲ್ಲಿ ಚಕ್ರ ಕಲ್ಲಿಗೆ ಹೊಡೆದರೆ ಸ್ಟೇರಿಂಗ್ ತಿರುಗಿ ಬೆರಳಿಗೆ ಬಡಿಯುತ್ತದೆ. ನನ್ನ ಬಲಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಲೆಕ್ಕದ_ಟೀಚರ್_ಮಣಿಪಾಲ

ತೋಟದವರೇ, ಆ ಏರು ಎಷ್ಟು ಡಿಗ್ರಿ ಅಂತ ಅಳೆದಿದ್ದೀರಾ? ಎರಡು ಮೀಟರಿನ ನೇರ ಹಲಗೆ ನೆಲದ ಮೇಲಿಟ್ಟು, ಅದರ ಮೇಲೆ ಮೊಬೈಲ್ ಇಟ್ಟು, ಕೋನ ಅಳೆಯುವ ಆ್ಯಪಿನಲ್ಲಿ ನೋಡಿ. ಹಲಗೆ ಇಲ್ಲದೆ ನೆಲಕ್ಕೇ ಇಟ್ಟರೆ ಒಂದು ಕಲ್ಲಿನ ಮೇಲೆ ಕೂತು ತಪ್ಪು ತೋರಿಸುತ್ತದೆ.

ಹೆಬ್ರಿ_ತೋಟ

ಅಕ್ಕ, ತಮ್ಮನಿಗೆ ಹೇಳಿ ಈಗಷ್ಟೇ ಅಳೆಸಿದೆ. ಕೆಳಗೆ 15, ಜಾರಿದ ಜಾಗದಲ್ಲಿ 24.

ಲೆಕ್ಕದ_ಟೀಚರ್_ಮಣಿಪಾಲ

24 ಡಿಗ್ರಿ ಅಂದರೆ ಕೇಳಲು ಸಣ್ಣದು. ಶೇಕಡಾ ಲೆಕ್ಕದಲ್ಲಿ ಹೇಳಿದರೆ 44. ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 44 ಮೀಟರ್ ಮೇಲೆ ಹೋಗುತ್ತೀರಿ. ತುಂಬ ಜನ ಡಿಗ್ರಿಯನ್ನೂ ಶೇಕಡಾವನ್ನೂ ಒಂದೇ ಅಂದುಕೊಳ್ಳುತ್ತಾರೆ. ಶೇಕಡಾ 100ರ ಏರು ಅಂದರೆ ಗೋಡೆ ಅಲ್ಲ, 45 ಡಿಗ್ರಿ.

ನಿಮ್ಮ ಜೀಪು, ಗೊಬ್ಬರ, ಇಬ್ಬರು ಜನ ಎಲ್ಲ ಸೇರಿ 2000 ಕಿಲೋ ಅಂತ ಹಿಡಿಯೋಣ. 24 ಡಿಗ್ರಿಯಲ್ಲಿ ಅದರಲ್ಲಿ 800 ಕಿಲೋ ತೂಕದಷ್ಟು ಬಲ ಗಾಡಿಯನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಅಷ್ಟನ್ನೂ ತಡೆಯಬೇಕಾದದ್ದು ನಾಲ್ಕು ಟೈರು ನೆಲಕ್ಕೆ ತಾಗುವ ಅಂಗೈಯಷ್ಟಗಲದ ನಾಲ್ಕು ಜಾಗ. ಒಣ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಮೇಲೆ ತಡೆಯುತ್ತದೆ. ಒದ್ದೆ ಜೇಡಿ ಮೇಲೆ ತಡೆಯುವುದಿಲ್ಲ. ಆಗ ಬ್ರೇಕ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನ ಇಲ್ಲ, ಯಾಕೆಂದರೆ ಬ್ರೇಕ್ ಹಿಡಿಯುವುದು ಚಕ್ರವನ್ನು, ನೆಲವನ್ನಲ್ಲ.

ಅಡ್ಡ ಬಂದರೆ ಯಾಕೆ ಅಪಾಯ ಅಂತಲೂ ಒಂದು ಲೆಕ್ಕ ಮಾಡಿದೆ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ 140 ಸೆಂಟಿಮೀಟರ್, ಗಾಡಿಯ ಭಾರದ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಅದು 45 ಡಿಗ್ರಿ ಅಡ್ಡ ವಾಲಿದರೆ ಮಗುಚುತ್ತದೆ. ಮೂಟೆ ಹೇರಿ ಆ ಕೇಂದ್ರ 90 ಸೆಂಟಿಮೀಟರಿಗೆ ಏರಿದರೆ 38ಕ್ಕೇ ಮಗುಚುತ್ತದೆ. ಈಗ ಮೇಲಿನ ಚಕ್ರ 20 ಸೆಂಟಿಮೀಟರ್ ಕಲ್ಲಿನ ಮೇಲೆ ಹತ್ತಿತು ಅನ್ನಿ, 8 ಡಿಗ್ರಿ ಸೇರಿತು. ಕೆಳಗಿನ ಚಕ್ರ ಅಷ್ಟೇ ಆಳದ ಹೊಂಡಕ್ಕೆ ಇಳಿಯಿತು, ಇನ್ನೊಂದು 8. ಅಲ್ಲಿಗೆ ನೆಲ ಬರೀ 22 ಡಿಗ್ರಿ ಇದ್ದರೂ ಗಾಡಿ ಮಗುಚುವ ಅಂಚಿನಲ್ಲಿರುತ್ತದೆ. ಇದು ನಿಂತ ಗಾಡಿಯ ಲೆಕ್ಕ. ಜಾರುತ್ತಿರುವ ಗಾಡಿ ಕಲ್ಲಿಗೆ ತಡೆದರೆ ಇನ್ನೂ ಬೇಗ. ನಿಮ್ಮದು 24 ಇತ್ತು. ಮೂಟೆ ಬೇರೆ ಕೆಳಗಿನ ಬದಿಗೆ ಸರಿದಿತ್ತು. ಓದುವಾಗ ನನಗೇ ಹೊಟ್ಟೆಯಲ್ಲಿ ಏನೋ ಆಯಿತು.

ಸುರತ್ಕಲ್_ಗುಡ್ಡಗಾಡು

ನನ್ನ ಅಭಿಪ್ರಾಯ ಬೇರೆ. ಕೆಳಗಿನಿಂದಲೇ ಒಳ್ಳೇ ವೇಗ ತೆಗೆದುಕೊಂಡಿದ್ದರೆ ಇದು ಆಗುತ್ತಲೇ ಇರಲಿಲ್ಲ ಅಲ್ವಾ? ಸೆಕೆಂಡ್ ಗಿಯರಿನಲ್ಲಿ ಎಳೆದರೆ ಆ 24 ಡಿಗ್ರಿ ಜಾಗ ಎರಡು ಸೆಕೆಂಡಿನಲ್ಲಿ ದಾಟುತ್ತದೆ.

ಕೊಲ್ಲೂರು_ಜೀಪು

ತಮ್ಮಾ, ವೇಗದಿಂದ ಹತ್ತುವ ಚಡಾವೂ ಇದೆ. ಮರಳು, ಸಡಿಲ ಮಣ್ಣು, ಸಣ್ಣ ಏರು, ಮೇಲೆ ಏನುಂಟು ಅಂತ ಗೊತ್ತು, ಅಂಥ ಕಡೆ ಸರಿ. ಆದರೆ ನಮ್ಮ ಕಡೆಯ ಗುಡ್ಡೆ ದಾರಿಯಲ್ಲಿ ಮಳೆನೀರು ಕೊರೆದ ಕಣಿ ಇರುತ್ತದೆ, ಮುರಕಲ್ಲಿನ ಮೆಟ್ಟಿಲು ಇರುತ್ತದೆ. ವೇಗದಲ್ಲಿ ಅದಕ್ಕೆ ಹೊಡೆದರೆ ಮುಂದಿನ ಚಕ್ರ ಹಾರುತ್ತದೆ, ಇಳಿಯುವಾಗ ಎಲ್ಲಿಗೆ ಇಳಿಯುತ್ತದೋ ಗೊತ್ತಿಲ್ಲ. ವೇಗದಲ್ಲಿ ಸೋತರೆ ಹಿಂದಕ್ಕೆ ಬರುವುದೂ ವೇಗದಲ್ಲೇ.

ನಾವು ಕೊಡಚಾದ್ರಿಗೆ ಹತ್ತಿಸುವಾಗ ಏರು ಶುರುವಾಗುವ ಮೊದಲೇ ಫೋರ್ ಲೋ ಹಾಕಿ, ಗಿಯರ್ ನಿಶ್ಚಯ ಮಾಡಿ, ಮೇಲೆ ಹೋಗುವವರೆಗೆ ಅದೇ ಗಿಯರ್. ನಡುವೆ ಗಿಯರ್ ಬದಲಾಯಿಸಲು ಕ್ಲಚ್ ಒತ್ತಿದರೆ ಅಷ್ಟರಲ್ಲಿ ಗಾಡಿ ನಿಂತಿರುತ್ತದೆ. ತುದಿ ಹತ್ತಿರ ಬಂದಾಗ ಆಕ್ಸಿಲರೇಟರ್ ಕಡಿಮೆ ಮಾಡಬೇಕು. ಬೋನೆಟ್ ಆಕಾಶ ನೋಡುತ್ತಿರುವಾಗ ಆಚೆ ಬದಿ ದಾರಿ ಎಡಕ್ಕೆ ಹೋಗುತ್ತದೋ ಬಲಕ್ಕೆ ಹೋಗುತ್ತದೋ ಕಾಣುವುದಿಲ್ಲ. ಆ ದಾರಿ ನನಗೆ ಬಾಯಿಪಾಠ. ಆದರೂ ದೊಡ್ಡ ಮಳೆ ಬಂದ ಮರುದಿನ ಮೊದಲ ಬಾಡಿಗೆಯಲ್ಲಿ ಎರಡು ಕಡೆ ಇಳಿದು ನಡೆದು ನೋಡಿಯೇ ಹೋಗುತ್ತೇನೆ. ರಬ್ಬರ್ ಚಪ್ಪಲಿಯಲ್ಲಿ ನಿಂತಾಗ ಕಾಲು ಜಾರಿದರೆ ಟೈರಿಗೂ ಅಲ್ಲಿ ಹಿಡಿತ ಇಲ್ಲ ಅಂತಲೇ ನಾನು ಹಿಡಿಯುವುದು. ಜನರನ್ನು ಇಳಿಸಿ ನಡೆಸುತ್ತೇನೆ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಪಡೀಲ್_ಗ್ಯಾರೇಜ್

ಎಲ್ಲರೂ ಓದಬೇಕಾದ ಚರ್ಚೆ ಇದು. ನನ್ನ ಕಡೆಯಿಂದ ಬ್ರೇಕಿನ ವಿಷಯ ಎರಡು ಮಾತು.

ಇಂಜಿನ್ ಆಫ್ ಆದ ಮೇಲೆ ಬ್ರೇಕ್ ಬೂಸ್ಟರಿನಲ್ಲಿ (ಪೆಡಲ್ ಹಗುರ ಮಾಡುವ ಭಾಗ) ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟಕ್ಕೆ ಮಾತ್ರ. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬ್ರೇಕ್ ಹೋಯಿತು ಅಂತ ಹೆದರಿ ಜನ ಮತ್ತೆ ಮತ್ತೆ ತುಳಿಯುತ್ತಾರೆ, ಇದ್ದದ್ದೂ ಖರ್ಚಾಗುತ್ತದೆ. ಒಮ್ಮೆ ಒತ್ತಿ, ಒತ್ತಿಯೇ ಹಿಡಿದುಕೊಳ್ಳಿ. ಬಿಟ್ಟು ಬಿಟ್ಟು ತುಳಿಯಬೇಡಿ. ಪವರ್ ಸ್ಟೇರಿಂಗ್ ಇದ್ದರೆ ಅದೂ ಇಂಜಿನ್ ಜೊತೆಗೇ ಭಾರ ಆಗುತ್ತದೆ.

ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ. ಮೂತಿ ಮೇಲೆ ಮಾಡಿ ನಿಂತರೆ ಭಾರ ಹಿಂದಕ್ಕೆ ಬರುತ್ತದೆ, ಚೆನ್ನಾಗಿ ಹಿಡಿಯುತ್ತದೆ. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಿನ ಚಕ್ರ ಹಗುರ, ಅದನ್ನೇ ನಂಬಿ ಗಾಡಿಯಿಂದ ಇಳಿಯಬಾರದು. ಗಿಯರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಫೋರ್ ವೀಲ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸಿನ ಲಿವರ್ (ಹೈ, ಲೋ ಬದಲಾಯಿಸುವ ಎರಡನೇ ಲಿವರ್) ನ್ಯೂಟ್ರಲಿನಲ್ಲಿ ಉಳಿದರೆ ಮುಖ್ಯ ಗಿಯರ್ ಹಾಕಿದ್ದೂ ಲೆಕ್ಕಕ್ಕಿಲ್ಲ, ಗಾಡಿ ಉರುಳುತ್ತದೆ. ಅದಕ್ಕೇ ಚಡಾವಿನ ನಡುವೆ ಆ ಲಿವರಿಗೆ ಕೈ ಹಾಕಬಾರದು. ಹೈಯಿಂದ ಲೋಗೆ ಬರುವಾಗ ನಡುವೆ ಅದೇ ನ್ಯೂಟ್ರಲ್ ದಾಟಬೇಕು.

ಇಳಿಯುವಾಗಲೂ ಹೀಗೆಯೇ. ಆಗುಂಬೆಯ 14 ತಿರುವು ನ್ಯೂಟ್ರಲಿನಲ್ಲಿ ಇಳಿಸಿ ಡೀಸೆಲ್ ಉಳಿಸಿದೆ ಅನ್ನುವವರು ನನ್ನ ಗ್ಯಾರೇಜಿಗೇ ಬರುತ್ತಾರೆ, ಬ್ರೇಕ್ ಪ್ಯಾಡ್ ಸುಟ್ಟು ಗಾಜಿನ ಹಾಗೆ ಆಗಿರುತ್ತದೆ. ಹತ್ತಲು ಯಾವ ಗಿಯರ್ ಬೇಕೋ ಇಳಿಯಲೂ ಅದೇ ಅಥವಾ ಅದಕ್ಕಿಂತ ಕೆಳಗಿನದು. ಗುಡ್ಡೆಯಲ್ಲಾದರೆ ಫೋರ್ ಲೋದ ಫಸ್ಟ್.

ಬೆಳ್ತಂಗಡಿ_ರಬ್ಬರ್

ನಾನು ಪಿಕಪ್ ಓಡಿಸುವವಳು, ಫೋರ್ ವೀಲ್ ಅಲ್ಲ. ಹನ್ನೆರಡು ವರ್ಷದಿಂದ ತೋಟದ ದಾರಿಯಲ್ಲಿ ನಾನೇ ಓಡಿಸುತ್ತಿದ್ದೇನೆ. ಇಲ್ಲಿ ಯಾರೂ ಎಲೆಯ ಬಗ್ಗೆ ಹೇಳಲಿಲ್ಲ. ರಬ್ಬರ್ ಎಲೆ ಉದುರುವ ಸಮಯದಲ್ಲಿ ಒಣ ದಾರಿಯೂ ಜಾರುತ್ತದೆ. ಅಕೇಶಿಯಾ ಎಲೆ ಅದಕ್ಕಿಂತ ಕೆಟ್ಟದು, ಒಂದರ ಮೇಲೊಂದು ಇಸ್ಪೀಟ್ ಎಲೆ ಸುರಿದ ಹಾಗೆ. ಏರು ಇರುವ ಕಡೆ ಗುಡಿಸಿಯೇ ಹತ್ತಿಸಬೇಕು.

ಹಿಂದಿನ ಚಕ್ರ ಎಳೆಯುವ ಪಿಕಪ್ ಖಾಲಿ ಇದ್ದಾಗ ಹತ್ತುವುದು ಕಷ್ಟ, ಸ್ವಲ್ಪ ಭಾರ ಇದ್ದರೆ ಹಿಡಿತ ಬರುತ್ತದೆ. ಆದರೆ ಆ ಭಾರ ಮುಂದೆ, ಕ್ಯಾಬಿನಿಗೆ ತಾಗಿ, ತಗ್ಗಿನಲ್ಲಿ ಇರಬೇಕು, ಹಗ್ಗ ಬಿಗಿದಿರಬೇಕು. ಹಿಂಬಾಗಿಲಿನ ಹತ್ತಿರ ಹೇರಿದರೆ ಮೂತಿ ಹಗುರ ಆಗಿ ಸ್ಟೇರಿಂಗ್ ಕೇಳುವುದಿಲ್ಲ. ತಮ್ಮಾ, ನಿಮ್ಮ 6 ಮೂಟೆಗೆ ಹಗ್ಗ ಕಟ್ಟಿದ್ದಿರಾ?

ಹೆಬ್ರಿ_ತೋಟ

ಇಲ್ಲ ಅಕ್ಕ. ಸಣ್ಣ ದಾರಿ ಅಲ್ವಾ ಅಂತ ಕಟ್ಟಲಿಲ್ಲ. ಸೀಟ್ ಬೆಲ್ಟೂ ಹಾಕಿರಲಿಲ್ಲ, ಇಬ್ಬರೂ.

ಬೆಳ್ತಂಗಡಿ_ರಬ್ಬರ್

ಬೆಲ್ಟ್ ಹಾಕಿ. ಮಗುಚುವ ಗಾಡಿಯಿಂದ ಹೊರಗೆ ಹಾರಬಹುದು ಅಂತ ತುಂಬ ಜನ ನಂಬುತ್ತಾರೆ. ಹಾರಿದವರು ಗಾಡಿಯ ಕೆಳಗೇ ಸಿಕ್ಕುತ್ತಾರೆ. ನಮ್ಮ ಊರಿನಲ್ಲಿ ಒಬ್ಬರು ಹಾಗೆಯೇ ಹೋದರು. ಅದರ ಬಗ್ಗೆ ಇನ್ನು ಜಾಸ್ತಿ ಬರೆಯಲು ಆಗುವುದಿಲ್ಲ.

ದಾರಿಯ ಬಗ್ಗೆ ಹೇಳುತ್ತೇನೆ. ನಿಮ್ಮ ದಾರಿಯಲ್ಲಿ ಜೇಡಿ ಮೇಲೆ ಬಂದದ್ದು ನೀರಿನಿಂದ. ಚಕ್ರದ ಗೆರೆಯಲ್ಲೇ ಮಳೆನೀರು ಓಡಿ ಚರಳು ಎಲ್ಲ ಕೊಚ್ಚಿ ಹೋಗಿದೆ. ಪ್ರತಿ 8–10 ಮೀಟರಿಗೆ ಒಂದು ಅಡ್ಡ ಕಣಿ, ಸ್ವಲ್ಪ ಓರೆಯಾಗಿ, ನೀರು ಬದಿಗೆ ಇಳಿಯುವ ಹಾಗೆ ತೋಡಿಸಿ. ಆಮೇಲೆ ಮುರಕಲ್ಲಿನ ಚರಳು ಹಾಕಿ. ಕಣಿ ಇಲ್ಲದೆ ಬರೀ ಚರಳು ಹಾಕಿದರೆ ಮೊದಲ ಮಳೆಗೇ ತೋಟಕ್ಕೆ ಸೇರುತ್ತದೆ. ನಮ್ಮಲ್ಲಿ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ದಿನ) ಒಳಗೆ ಈ ಕೆಲಸ ಮುಗಿಸುತ್ತೇವೆ. ಅದು ಕಳೆದ ಮೇಲೆ ದೀಪಾವಳಿಯವರೆಗೆ ಮೇಲಿನ ತೋಟಕ್ಕೆ ಗಾಡಿಯೇ ಇಲ್ಲ.

ಬಿಜೈ_ಮನೆ

ಮಧ್ಯೆ ಬಂದದ್ದಕ್ಕೆ ಕ್ಷಮೆ ಇರಲಿ. ನನ್ನದು ಸಾದಾ ಕಾರು. ಮನೆಗೇ ಚಡಾವು, ಮಳೆಗಾಲದಲ್ಲಿ ಇಂಟರ್‌ಲಾಕ್ ಮೇಲೆ ಪಾಚಿ ಬಂದು ಮುಂದಿನ ಚಕ್ರ ತಿರುಗುತ್ತಾ ನಿಲ್ಲುತ್ತದೆ. ಇದಕ್ಕೇನು ಮಾಡುವುದು?

ಪಡೀಲ್_ಗ್ಯಾರೇಜ್

ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ನಿಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರ. ಅದಕ್ಕೇ ಹಾಗೆ. ಪಾಚಿ ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿ. ತೀರಾ ಅಗತ್ಯ ಬಿದ್ದರೆ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ರಿವರ್ಸಿನಲ್ಲಿ ಹತ್ತಿಸಿ, ಆಗ ಎಳೆಯುವ ಚಕ್ರದ ಮೇಲೆ ಭಾರ ಇರುತ್ತದೆ. ಮಕ್ಕಳು ಆಡುವ ಅಂಗಳವಾದರೆ ಅದೂ ಬೇಡ, ಕೆಳಗೇ ನಿಲ್ಲಿಸಿ.

ಸುರತ್ಕಲ್_ಗುಡ್ಡಗಾಡು

ಕೊಲ್ಲೂರು ಅಣ್ಣ, ನಿಮ್ಮ ಮಾತು ಒಪ್ಪಿದೆ. ನನ್ನದು ಜಿಮ್ನಿ, ಫೋರ್ ವೀಲ್ ಗಾಡಿ. ಅದರಲ್ಲಿ ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಬಟನ್ ಇದೆ. ಅದನ್ನು ಒತ್ತಿ ಕಾಲು ತೆಗೆದರೆ ಸಾಕಾ?

ಕೊಲ್ಲೂರು_ಜೀಪು

ನಾನು ಅಂಥ ಗಾಡಿಯನ್ನು ಎರಡು ಸಲ ಮಾತ್ರ ಓಡಿಸಿದ್ದೇನೆ. ಒಳ್ಳೆಯದೇ. ಒಂದೊಂದೇ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಕೊಡಲು ನಮ್ಮ ಕಾಲಿಗೆ ಆಗುವುದಿಲ್ಲ, ಅದಕ್ಕೆ ಆಗುತ್ತದೆ. ಆದರೆ ಟೀಚರ್ ಹೇಳಿದ್ದು ಅದಕ್ಕೂ ಅನ್ವಯ, ನೆಲದಲ್ಲಿ ಹಿಡಿತ ಇಲ್ಲದಿದ್ದರೆ ಬಟನ್ ಏನು ಮಾಡೀತು? ಲೋ ಗಿಯರೂ ಇರಲಿ, ಬಟನ್ನೂ ಇರಲಿ. ಚರಳಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ವ್ಯವಸ್ಥೆ) ಇರುವ ಗಾಡಿ ನಿಲ್ಲಲು ಡಾಂಬರಿಗಿಂತ ಎಷ್ಟೋ ಉದ್ದ ಜಾಗ ಬೇಕು, ಅದೂ ನೆನಪಿರಲಿ.

ಇಳಿಯುವಾಗ ಹಿಂಬದಿ ಪಕ್ಕಕ್ಕೆ ವಾಲಲು ಶುರುವಾದರೆ ಬ್ರೇಕ್ ಬಿಟ್ಟು, ಮೂತಿಯನ್ನು ಇಳಿಜಾರಿನ ಕಡೆಗೇ ತಿರುಗಿಸಿ, ಆಕ್ಸಿಲರೇಟರನ್ನು ಸ್ವಲ್ಪ ಮುಟ್ಟಿ. ಚಕ್ರ ಮತ್ತೆ ಉರುಳಿದರೆ ಗಾಡಿ ನೇರ ಆಗುತ್ತದೆ. ಜೀವ ಬೇಡ ಬೇಡ ಅನ್ನುತ್ತದೆ, ಆದರೂ ಅದೇ ಸರಿ. ಸಮತಟ್ಟಾದ ಒದ್ದೆ ಮೈದಾನದಲ್ಲಿ ಮೊದಲು ಅಭ್ಯಾಸ ಮಾಡಿ.

ಮತ್ತೊಂದು, ಚಡಾವಿನ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ. ಮೊದಲನೆಯದು ಪೂರ್ತಿ ಮೇಲೆ ಹೋಗಿ ಹಾರ್ನ್ ಮಾಡುವವರೆಗೆ ಎರಡನೆಯದು ಬುಡದಲ್ಲಿ, ಬದಿಗೆ ನಿಲ್ಲಬೇಕು. ಹಿಂದಿನಿಂದ ದೂಡಲು ಜನ ನಿಲ್ಲಿಸುವುದನ್ನು ಕಂಡರೆ ನಾನು ಬಾಡಿಗೆ ಬಿಟ್ಟು ಜಗಳ ಮಾಡುತ್ತೇನೆ.

ಹೆಬ್ರಿ_ತೋಟ

ಎರಡು ವಾರ ಆಯಿತು. ಏನೇನು ಮಾಡಿದೆವು ಅಂತ ಹೇಳಲು ಬಂದೆ.

ಅಡ್ಡ ಕಣಿ ಐದು ತೋಡಿಸಿದೆವು. ಚರಳು ಮುಂದಿನ ವಾರ ಬರುತ್ತದೆ. ಗೇರುಮರದ ಬುಡ ಅಲ್ಲೇ ಇರಲಿ ಅಂತ ಅಪ್ಪ ಹೇಳಿದರು.

ಕೊಲ್ಲೂರು ಅಣ್ಣ ಹೇಳಿದ ಹಿಂದಕ್ಕೆ ಬರುವ ಕ್ರಮವನ್ನು ಕೆಳಗಿನ 15 ಡಿಗ್ರಿ ಜಾಗದಲ್ಲಿ, ನೆಲ ಚೆನ್ನಾಗಿ ಒಣಗಿದ ದಿನ, ಖಾಲಿ ಜೀಪಿನಲ್ಲಿ ಅಭ್ಯಾಸ ಮಾಡಿದೆ. ಬೇಕೆಂದೇ ಇಂಜಿನ್ ಆಫ್ ಮಾಡಿ, ಬ್ರೇಕ್, ಹ್ಯಾಂಡ್ ಬ್ರೇಕ್, ರಿವರ್ಸ್, ಕ್ಲಚ್ ಬಿಡು, ಚಕ್ರ ನೋಡು, ಬ್ರೇಕ್ ಬಿಡು, ಕೀ. ಮೊದಲ ಮೂರು ಸಲವೂ ಎಡಗಾಲು ತಾನಾಗಿಯೇ ಕ್ಲಚ್ಚಿಗೆ ಹೋಯಿತು. ಪಾದವನ್ನು ಹಿಂದಕ್ಕೆ ಎಳೆದು ಸೀಟಿನ ಬುಡಕ್ಕೆ ತಾಗಿಸಿ ಇಟ್ಟ ಮೇಲೆ ಸರಿಯಾಯಿತು. ಹನ್ನೊಂದು ಸಲ ಮಾಡಿದೆ. ಬ್ರೇಕ್ ಬಿಟ್ಟ ಮೇಲೂ ಜೀಪು ಅಲ್ಲೇ ಕೂತಿರುತ್ತದೆ ಅಂತ ನೋಡಿದಾಗ ಕಣ್ಣಲ್ಲಿ ನೀರು ಬಂತು. ಅವತ್ತು ಇಷ್ಟೇ ಮಾಡಬೇಕಾಗಿತ್ತು.

ಒಂದು ಪ್ರಶ್ನೆ ಉಳಿದಿದೆ. ಹಿಂದಕ್ಕೆ ಬರುವಾಗ ಕನ್ನಡಿ ನೋಡುವುದಾ, ತಿರುಗಿ ನೋಡುವುದಾ? ತಿರುಗಿದರೆ ಹಿಂದಿನ ಗಾಜಿನಲ್ಲಿ ಬರೀ ನೆಲ ಕಾಣುತ್ತದೆ.

ಕೊಲ್ಲೂರು_ಜೀಪು

ಕನ್ನಡಿ. ಹತ್ತುವ ಮೊದಲೇ ಎರಡೂ ಕನ್ನಡಿಯನ್ನು ಕೆಳಗೆ ಬಗ್ಗಿಸಿ, ಹಿಂದಿನ ಚಕ್ರ ಮತ್ತು ಅದರ ಹಿಂದೆ ಹತ್ತು ಅಡಿ ದಾರಿ ಕಾಣಬೇಕು. ಬರುವಾಗ ಹತ್ತಿದ ಚಕ್ರದ ಗುರುತು ಎರಡೂ ಬದಿ ಸಮ ಕಾಣುತ್ತಿದ್ದರೆ ನೀವು ನೇರ ಇದ್ದೀರಿ. ಒಂದು ಬದಿ ಗುರುತು ದೂರ ಹೋಯಿತು ಅಂದರೆ ನಿಲ್ಲಿಸಿ, ನೋಡಿ, ಮತ್ತೆ ಬಿಡಿ. ತೋಟದಲ್ಲಿ ಜನ ಇದ್ದರೆ ಒಬ್ಬರನ್ನು ಮೇಲಿನ ಬದಿಯಲ್ಲಿ, ನಿಮಗೆ ಕಾಣುವ ಹಾಗೆ ನಿಲ್ಲಿಸಿಕೊಳ್ಳಿ. ಕೆಳಗಿನ ಬದಿಯಲ್ಲಿ ಯಾರೂ ಬೇಡ.

ಲೆಕ್ಕದ_ಟೀಚರ್_ಮಣಿಪಾಲ

ಇನ್ನು 24 ಡಿಗ್ರಿ ಜಾಗಕ್ಕೆ ಹೋಗುತ್ತೀರಾ?

ಹೆಬ್ರಿ_ತೋಟ

ಇಲ್ಲ ಅಕ್ಕ. 15 ಡಿಗ್ರಿ ಮುಗಿಯುವ ಕಡೆ ಅಪ್ಪ ಒಂದು ದೊಡ್ಡ ಮುರಕಲ್ಲು ಇಟ್ಟು ಸುಣ್ಣ ಬಳಿದಿದ್ದಾರೆ. ಜೀಪು ಅಲ್ಲಿಯವರೆಗೆ. ಅಲ್ಲಿಂದ ಮೇಲಕ್ಕೆ ಗೊಬ್ಬರವನ್ನು ಅರ್ಧರ್ಧ ಮೂಟೆ ಮಾಡಿ ಹೊರುತ್ತೇವೆ. ನಿನ್ನೆ ನಾನೂ ತಮ್ಮನೂ ಇನ್ನಿಬ್ಬರೂ ಸೇರಿ ಹೊತ್ತು ಮುಗಿಸಿದೆವು. ಒಂದೂವರೆ ಗಂಟೆ ಹಿಡಿಯಿತು.